ಮನೆ ಕೊಳ್ಳುವ ಮುಂಚೆ ಮನೆ ನೋಡೋಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಈ ಗಾದೆ ನಮಗೆಲ್ಲ ಗೊತ್ತು. ಆದರೆ ಬೇರೆಯವರು ಕಟ್ಟಿದ ಮನೆ ಕೊಳ್ಳುವವರಿಗೆ ಹಿರಿಯರು ಗಾದೆ ಮಾಡಲಿಲ್ಲ. ಕಟ್ಟುವ ಕಷ್ಟ ತಪ್ಪಿತಲ್ಲ, ಇನ್ನೇನು ಅಂದುಕೊಂಡರೋ ಏನೋ!

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ಹಿರಿಯೂರಿನಲ್ಲಿ ಹೂವು ಮಾರುತ್ತಾರೆ. ಎಲ್ಲರೂ ಅವರನ್ನು ಹೂವಿನಕ್ಕ ಅಂತಲೇ ಕರೆಯುವುದು. 20 ವರ್ಷ ಬಾಡಿಗೆ ಮನೆಯಲ್ಲಿ ಇದ್ದವರು. ಮೊಳ ಮೊಳ ಹೂವು ಅಳೆದು ದುಡ್ಡು ಕೂಡಿಸಿದ್ದರು. ಸ್ತ್ರೀಶಕ್ತಿ ಸಂಘದಲ್ಲಿ ಉಳಿತಾಯ ಇತ್ತು. ಉಳಿದದ್ದಕ್ಕೆ ಬ್ಯಾಂಕಿನ ಸಾಲ ಕೇಳಿದ್ದರು.

ಒಂದು ಸಂಜೆ ಪಾಠ ಮುಗಿಯಿತು. ಅಕ್ಕ ಎದ್ದು ಹೋಗಲಿಲ್ಲ.

"ಮೇಷ್ಟ್ರೇ, ಒಂದು ಮನೆ ಸಿಕ್ಕೈತೆ. ಎರಡು ರೂಮು, ತಾರಸಿ ಮನೆ. ಈಗ ತಾನೇ ಬಣ್ಣ ಹೊಡೆಸವ್ರೆ. ಲಕಲಕ ಅಂತೈತೆ. ನಾಳೆ ಮುಂಗಡ ಕೊಡು, ಇಲ್ಲಾಂದ್ರೆ ಬೇರೆಯವರು ಕಾಯ್ತಾವ್ರೆ ಅಂತಾರೆ."

"ಎಷ್ಟು ಹೊತ್ತು ನೋಡಿದಿರಿ?"

"ಒಂದು ಕಾಲು ಗಂಟೆ. ದೇವರ ಮೂಲೆ ಚೆನ್ನಾಗೈತೆ."

ನಮಗೆ ನಗು ಬರಲಿಲ್ಲ. ಏಕೆಂದರೆ ನಾವೂ ಹಾಗೆ ಮೋಸ ಹೋದವರೇ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಒಂದು ಮನೆ ನೋಡಿ ಕೊಂಡೆವು. ಗೋಡೆ ಒಣಗಿತ್ತು. ಬಣ್ಣ ಹೊಸದು. ಜೂನ್ ತಿಂಗಳ ಮೊದಲ ಮಳೆಗೆ ಅಡುಗೆ ಮನೆಯ ಮೂಲೆಯಲ್ಲಿ ನೀರು ಇಳಿಯಿತು. ಅಕ್ಕಿ ಡಬ್ಬ ತೇಲದಿದ್ದರೂ ನೆನೆಯಿತು. ಮಾರಿದವರನ್ನು ಕೇಳಿದೆವು. "ನೋಡಿಯೇ ತಾನೇ ತಗೊಂಡಿದ್ದು?" ಅಂದರು. ಉತ್ತರ ಕೊಡಲು ಬಾಯಿ ಬರಲಿಲ್ಲ.

ಕಾನೂನು ಏನು ಹೇಳುತ್ತದೆ? 1882ರ ಆಸ್ತಿ ವರ್ಗಾವಣೆ ಕಾಯ್ದೆ ಅಂತ ಒಂದಿದೆ. ಅದರ 55ನೆಯ ಕಲಮಿನಲ್ಲಿ ಈ ಮಾತು ಬರುತ್ತದೆ. ಮಾರುವವರಿಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ ದೊಡ್ಡ ದೋಷವನ್ನು ಮಾರುವವರು ಹೇಳಬೇಕು. ಆದರೆ ಅದು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೋಷವಾಗಿರಬೇಕು. ಕಣ್ಣಿಟ್ಟು ನೋಡಿದ್ದರೆ ಕಾಣುತ್ತಿತ್ತು ಅನ್ನುವಂಥದ್ದಾದರೆ? ನೋಡದೇ ಇದ್ದದ್ದು ನಮ್ಮ ತಪ್ಪಾಗುತ್ತದೆ. ಹಳೆಯ ಕಾಯ್ದೆ, ಆದರೆ ಇಂದಿಗೂ ಜಾರಿಯಲ್ಲಿದೆ.

"ಹಂಗಾದ್ರೆ ಯಾರಿಗೆ ತೋರಿಸಲಿ ಮೇಷ್ಟ್ರೇ?"

ಒಳ್ಳೆಯ ಪ್ರಶ್ನೆ. ಅಮೆರಿಕದಂಥ ದೇಶಗಳಲ್ಲಿ ಮನೆ ಕೊಳ್ಳುವವರು ಮೊದಲು ಮನೆ ಪರೀಕ್ಷೆ ಮಾಡುವವರನ್ನು ಕರೆಸುವುದು ರೂಢಿ. ಬೆಂಗಳೂರಿನಲ್ಲೂ ಈಗ ಇದೇ ಕೆಲಸ ಮಾಡುವ ಕಂಪನಿಗಳಿವೆ. ನಮ್ಮಂಥ ಊರಿನಲ್ಲಿ ಕಟ್ಟಡದ ಎಂಜಿನಿಯರ್ ಸಿಗುತ್ತಾರೆ. ಅವರೂ ಸಿಗದಿದ್ದರೆ ಅನುಭವ ಇರುವ ಮೇಸ್ತ್ರಿ. ಆದರೆ ಮಾರುವವರ ಕಡೆಯ ಮೇಸ್ತ್ರಿ ಬೇಡ. ದಲ್ಲಾಳಿ ಕರೆತಂದವರೂ ಬೇಡ. ನಾವೇ ಹುಡುಕಿ, ನಾವೇ ದುಡ್ಡು ಕೊಟ್ಟವರು ನಮ್ಮ ಪರ ನೋಡುತ್ತಾರೆ.

"ಬ್ಯಾಂಕಿನಿಂದ ಒಬ್ಬರು ಬಂದು ನೋಡ್ತಾರಂತಲ್ಲ?" ಅಂದರು ಅಕ್ಕ.

ಬರುತ್ತಾರೆ. ಆದರೆ ಅವರು ಬರುವುದು ಬ್ಯಾಂಕಿನ ಸಲುವಾಗಿ. ಈ ಮನೆಯ ಬೆಲೆ ಎಷ್ಟು, ಸಾಲ ಎಷ್ಟು ಕೊಡಬಹುದು ಎಂದು ನೋಡುತ್ತಾರೆ. ನಿಮ್ಮ ಬಚ್ಚಲು ಸೋರುತ್ತದೆಯೇ ಎಂದು ನೋಡುವುದು ಅವರ ಕೆಲಸವಲ್ಲ.

ಗುರುತಿನವರೊಬ್ಬರ ಮೂಲಕ ಒಬ್ಬ ಎಂಜಿನಿಯರಮ್ಮ ಸಿಕ್ಕರು. 3,000 ರೂಪಾಯಿ ಹೇಳಿದರು.

"ಅಯ್ಯೋ, ಬರೀ ನೋಡೋದಕ್ಕೆ ಮೂರು ಸಾವಿರವಾ? ಎಷ್ಟು ಮೊಳ ಹೂವು ಮಾರಬೇಕು ಗೊತ್ತಾ?" ಅಂದರು ಅಕ್ಕ. ಆ ಮಾತು ಸುಳ್ಳಲ್ಲ. ಆ ರಾತ್ರಿ ಲೆಕ್ಕ ಹಾಕಿದರು. ಮನೆಯ ಬೆಲೆ 14 ಲಕ್ಷ. ಬೆಳಿಗ್ಗೆ ಬಂದು "ಕರೀರಿ" ಅಂದರು.

ಎಂಜಿನಿಯರಮ್ಮ ಬೆಳಿಗ್ಗೆ 10 ಗಂಟೆಗೆ ಬಂದರು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಟಾರ್ಚು, ಅಳತೆ ಪಟ್ಟಿ, ರಸಮಟ್ಟ, ಸಣ್ಣ ಸುತ್ತಿಗೆ, ದಾರಕ್ಕೆ ಕಟ್ಟಿದ ತೂಕದ ಗುಂಡು. ನಾವು ಬಾಗಿಲು ತೆರೆದು ನಿಂತೆವು. ಅವರು ಒಳಗೆ ಬರಲೇ ಇಲ್ಲ. ಮನೆಯ ಸುತ್ತ ಎರಡು ಸುತ್ತು ಹಾಕಿದರು.

"ಮಳೆ ನೀರು ಎಲ್ಲಿಗೆ ಹೋಗುತ್ತೆ ಅಮ್ಮಾ?" ಎಂದು ಕೇಳಿದರು. ಅಕ್ಕನಿಗೆ ಗೊತ್ತಿರಲಿಲ್ಲ. ರಸ್ತೆ ಎತ್ತರದಲ್ಲಿತ್ತು. ಮನೆಯ ಅಂಗಳ ತಗ್ಗಿನಲ್ಲಿತ್ತು. ನೀರು ಪಾಯದ ಬುಡಕ್ಕೇ ಬಂದು ನಿಲ್ಲುವಂತಿತ್ತು. ಗೋಡೆಯ ಬುಡದಲ್ಲಿ ಒಂದೂವರೆ ಅಡಿ ಎತ್ತರಕ್ಕೆ ಬಣ್ಣ ಉಬ್ಬಿತ್ತು. ಬೆರಳಲ್ಲಿ ಒರೆಸಿದರೆ ಬಿಳಿ ಪುಡಿ ಬಂತು. ಇದು ಗೋಡೆ ಉಪ್ಪು ಬಿಟ್ಟಿರುವುದು. ನೆಲದ ತೇವ ಗೋಡೆಯೊಳಗೆ ಮೇಲಕ್ಕೆ ಹತ್ತುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಹೊರಗೆ ಉಳಿಯುತ್ತದೆ. ಮೇಲೆ ಎಷ್ಟು ಸಲ ಬಣ್ಣ ಹೊಡೆದರೂ ಮತ್ತೆ ಉಬ್ಬುತ್ತದೆ.

ಆಮೇಲೆ ಬಿರುಕು. ಬಿರುಕಿನ ವಿಷಯ ಸ್ವಲ್ಪ ನಿಧಾನವಾಗಿ ಓದೋಣ. ನಮ್ಮ ಹಿರಿಯೂರು ಸೀಮೆಯಲ್ಲಿ ಇದು ಬಹಳ ಮುಖ್ಯ.

ನಮ್ಮ ಕಡೆ ಎರೆ ಮಣ್ಣು ಬಹಳ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಹೊಲದಲ್ಲಿ ಬಿರುಕು ನೋಡಿಲ್ಲವೇ? ಅದೇ ಮಣ್ಣು ಮನೆಯ ಪಾಯದ ಕೆಳಗೂ ಇದೆ. ಪಾಯ ಸರಿಯಾಗಿ ಹಾಕದಿದ್ದರೆ ಮಣ್ಣಿನ ಜೊತೆ ಮನೆಯೂ ಏಳುತ್ತದೆ, ಇಳಿಯುತ್ತದೆ. ಗೋಡೆ ಸೀಳುತ್ತದೆ.

ಎಲ್ಲ ಬಿರುಕೂ ಕೆಟ್ಟದ್ದಲ್ಲ. ಕೂದಲಿನಂಥ ಬಿರುಕು ಗಾರೆಯಲ್ಲಿ ಬರುತ್ತದೆ. ಗಾರೆ ಬೇಗ ಒಣಗಿದರೆ ಹಾಗಾಗುತ್ತದೆ. ಅದಕ್ಕೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು ಬೇರೆ. ಇಟ್ಟಿಗೆಯ ಸಾಲಿನಲ್ಲಿ ಮೆಟ್ಟಿಲಿನಂತೆ ಇಳಿಯುವ ಬಿರುಕು ಬೇರೆ. ಗೋಡೆಯ ಹೊರಗೂ ಒಳಗೂ ಒಂದೇ ಜಾಗದಲ್ಲಿ ಕಾಣುವ ಬಿರುಕು ಬೇರೆ. ರೂಪಾಯಿ ನಾಣ್ಯದ ಅಂಚು ಅದರೊಳಗೆ ಹೋಗುತ್ತದೆಯೇ? ಹಾಗಿದ್ದರೆ ತಿಳಿದವರಿಗೆ ತೋರಿಸಲೇಬೇಕು.

ಆ ಮನೆಯಲ್ಲಿ ನಮಗೆ ಒಂದು ಬಿರುಕೂ ಕಾಣಲಿಲ್ಲ. ಎಂಜಿನಿಯರಮ್ಮ ಕಿಟಕಿ ಮುಚ್ಚಿಸಿದರು. ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದರು. ಬೆಳಕು ಗೋಡೆಯ ಉದ್ದಕ್ಕೂ ಹರಿಯಿತು. ಆಗ ಕಂಡಿತು! ಕಿಟಕಿಯ ಮೂಲೆಯಿಂದ ಸೂರಿನವರೆಗೆ ಒಂದು ಉಬ್ಬು ಗೆರೆ. ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದರು. ಹಾವಿನ ಹಾಗೆ ಮಲಗಿತ್ತು. ಅಕ್ಕ ಮೇಲೆ ಕೆಳಗೆ ಬೆರಳಾಡಿಸಿದರು. ಏನೂ ಮಾತಾಡಲಿಲ್ಲ.

ತಾರಸಿ ಹತ್ತಿದೆವು. ಅಲ್ಲಿ ಎರಡು ಬಿಂದಿಗೆ ನೀರು ಸುರಿಸಿದರು. ನೀರು ಪೈಪಿನ ಕಡೆ ಓಡಬೇಕು. ಅರ್ಧ ಓಡಿತು, ಅರ್ಧ ಮಧ್ಯದಲ್ಲೇ ನಿಂತಿತು. ಮೂಲೆಯ ಗೋಡೆಯಲ್ಲಿ ಒಂದು ಅರಳಿ ಸಸಿ ಬೇರು ಬಿಟ್ಟಿತ್ತು. ಪುಣ್ಯದ ಗಿಡ ಅಂತ ಕೀಳದೆ ಬಿಡುತ್ತಾರೆ. ಅದು ದೊಡ್ಡದಾಗಿ ಗೋಡೆಯನ್ನೇ ಸೀಳುತ್ತದೆ.

ಬಚ್ಚಲಿನ ಮೇಲ್ಛಾವಣಿಯನ್ನು ಕೋಲಿನಿಂದ ತಟ್ಟಿದರು. ಒಂದು ಕಡೆ ಟಣ್ ಟಣ್ ಅಂದಿತು. ಇನ್ನೊಂದು ಕಡೆ ಡಬ್ ಡಬ್ ಅಂದಿತು. ಡಬ್ ಅಂದ ಕಡೆ ಒಳಗೆ ಟೊಳ್ಳು. ಅಲ್ಲಿ ಕಂದು ಬಣ್ಣದ ಗೆರೆಗಳೂ ಇದ್ದವು. ಒಳಗಿನ ಕಬ್ಬಿಣದ ಕಂಬಿ ತುಕ್ಕು ಹಿಡಿದಿದೆ ಎಂದು ಅರ್ಥ. ಕಬ್ಬಿಣ ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ. ಊದಿದಾಗ ಕಾಂಕ್ರೀಟನ್ನು ಕೆಳಕ್ಕೆ ತಳ್ಳುತ್ತದೆ. ಸ್ನಾನ ಮಾಡುವವರ ತಲೆಯ ಮೇಲೆ ಬೀಳುವುದು ಅದೇ ಚೂರು.

ಮರದ ಚೌಕಟ್ಟು ನೋಡಿದರು. ಗೆದ್ದಲಿನ ಮಣ್ಣಿನ ದಾರಿ ಇದೆಯೇ ಎಂದು ಹುಡುಕಿದರು, ಇರಲಿಲ್ಲ. ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟರು. ಕಕ್ಕಸಿನ ಗುಂಡಿ ಎಲ್ಲಿದೆ, ಕುಡಿಯುವ ನೀರಿನ ಬಾವಿ ಎಲ್ಲಿದೆ ಎಂದು ಕೇಳಿದರು. ಇಂಗುಗುಂಡಿ ಬಾವಿಯಿಂದ ಕಡಿಮೆ ಎಂದರೂ 60 ಅಡಿ ದೂರ ಇರಬೇಕಂತೆ.

ಕರೆಂಟಿನ ಪೆಟ್ಟಿಗೆ ತೆರೆದರು. ಗೋಡೆಯಲ್ಲಿ ಮೂರು ತೂತಿನ ಪ್ಲಗ್ ಇದೆ. ಮೂರನೆಯ ತೂತಿಗೆ ತಂತಿಯೇ ಇರಲಿಲ್ಲ! ಅದು ಅರ್ಥಿಂಗ್ ತಂತಿ. ಕರೆಂಟು ತಪ್ಪು ದಾರಿ ಹಿಡಿದರೆ ಅದನ್ನು ಭೂಮಿಗೆ ಇಳಿಸುವ ತಂತಿ. ಅದಿಲ್ಲದಿದ್ದರೆ ಕರೆಂಟು ಕಬ್ಬಿಣದ ಪೆಟ್ಟಿಗೆ ಮುಟ್ಟಿದವರ ಮೈ ಮೇಲೆ ಬರಬಹುದು.

ಎಲ್ಲ ಮುಗಿಯುವಾಗ ಒಂದೂವರೆ ಗಂಟೆ. ಅಕ್ಕ ಕೇಳಿಯೇಬಿಟ್ಟರು. "ಮೇಡಂ, ತಗೊಳ್ಳಲಾ ಬೇಡವಾ?"

"ಅದನ್ನು ನಾನು ಹೇಳೋದಿಲ್ಲಮ್ಮಾ. ಮನೆ ಹೇಗಿದೆ ಅಂತ ಹೇಳ್ತೀನಿ. ನಿರ್ಧಾರ ನಿಮ್ಮದು."

ಪರೀಕ್ಷೆ ಮಾಡುವವರಿಂದ ಏನು ನಿರೀಕ್ಷಿಸಬಾರದು ಎಂಬುದೂ ನಮಗೆ ಗೊತ್ತಿರಬೇಕು. ಅವರು ಗೋಡೆ ಒಡೆದು ನೋಡುವುದಿಲ್ಲ. ನೆಲದೊಳಗಿನ ಪೈಪು ಅವರಿಗೂ ಕಾಣುವುದಿಲ್ಲ. ಮುಂದೆ ಏನೂ ಆಗುವುದಿಲ್ಲ ಎಂದು ಬರೆದು ಕೊಡುವುದಿಲ್ಲ. ಮನೆ ಯಾರ ಹೆಸರಿನಲ್ಲಿದೆ, ಸಾಲ ಇದೆಯೇ ಎಂಬುದೂ ಅವರ ಕೆಲಸವಲ್ಲ. ಅದಕ್ಕೆ ಋಣಭಾರ ಪತ್ರ ತೆಗೆಸಬೇಕು, ವಕೀಲರಿಗೆ ಕಾಗದ ತೋರಿಸಬೇಕು. ಅದು ಬೇರೆಯೇ ಒಂದು ಪಾಠ.

ಹೊಸ ಅಪಾರ್ಟ್‌ಮೆಂಟ್ ಕೊಳ್ಳುವವರಿಗೆ 2016ರ ರೇರಾ ಕಾಯ್ದೆ ಇದೆ. ಮನೆ ವಶಕ್ಕೆ ಕೊಟ್ಟ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡು, ಅದನ್ನು ತಿಳಿಸಿದರೆ, ಕಟ್ಟಿಸಿದವರು 30 ದಿನದಲ್ಲಿ ತಮ್ಮ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು. ಒಬ್ಬರಿಂದ ಒಬ್ಬರು ಕೊಳ್ಳುವ ಹಳೆಯ ಮನೆಗೆ ಈ ಆಸರೆ ಇಲ್ಲ.

ಮೂರು ದಿನಕ್ಕೆ ವರದಿ ಬಂತು. ನಾಲ್ಕು ಪುಟ, ಫೋಟೋಗಳ ಸಹಿತ. ಆದರೆ ಇಂಗ್ಲಿಷಿನಲ್ಲಿತ್ತು. ಎಂಜಿನಿಯರಮ್ಮ "ಓದಿ ಹೇಳ್ತೀನಿ" ಅಂದರು. ಅಕ್ಕ ಒಪ್ಪಲಿಲ್ಲ.

"ಕನ್ನಡದಲ್ಲಿ ಬರಕೊಡಿ ಮೇಡಂ. ನಾನೇ ಓದ್ತೀನಿ."

ಎಂಜಿನಿಯರಮ್ಮ ಅಲ್ಲೇ ಕುಳಿತು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದರು. ಮೂರು ತಲೆಬರಹ. ಕೂಡಲೇ ಮಾಡಬೇಕಾದ್ದು: ಅರ್ಥಿಂಗ್, ಬಚ್ಚಲಿನ ಮೇಲ್ಛಾವಣಿ. ಮಳೆಗಾಲಕ್ಕೆ ಮುಂಚೆ ಮಾಡಬೇಕಾದ್ದು: ತಾರಸಿಯ ಇಳಿಜಾರು, ಅಂಗಳದ ಚರಂಡಿ. ಕಣ್ಣಿಡಬೇಕಾದ್ದು: ಕಿಟಕಿ ಪಕ್ಕದ ಬಿರುಕು. ಒಂದೊಂದರ ಮುಂದೆ ಅಂದಾಜು ಖರ್ಚು. ಬಿರುಕಿನ ಮುಂದೆ ಮಾತ್ರ ಖರ್ಚು ಬರೆಯಲಿಲ್ಲ. "ಒಂದು ಮಳೆಗಾಲ, ಒಂದು ಬೇಸಿಗೆ ನೋಡದೆ ಹೇಳಲಾಗದು" ಎಂದು ಬರೆದರು.

ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಮೇಲ್ಛಾವಣಿ" ಎಂಬಲ್ಲಿ ಒಮ್ಮೆ ತಡವರಿಸಿದರು. ಖರ್ಚು ಕೂಡಿಸಿದರು. 1,35,000 ರೂಪಾಯಿ ಆಯಿತು.

ಅದೇ ಹಾಳೆ ಹಿಡಿದು ಮಾರುವವರ ಮನೆಗೆ ಹೋದರು. ನಾವೂ ಜೊತೆಗಿದ್ದೆವು. ಬೆಲೆ ಒಂದೂಕಾಲು ಲಕ್ಷ ಇಳಿಸಿ ಎಂದು ಕೇಳಿದರು. ಮಾರುವವರಿಗೆ ಸಿಟ್ಟು ಬಂತು. "ಹೂವು ಮಾರೋಳು ಎಂಜಿನಿಯರನ್ನ ಕರಕೊಂಡು ಬರ್ತಾಳಂತೆ!" ಅಂದರು. ಅಕ್ಕ ಹಾಳೆ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು ಎದ್ದು ಬಂದರು.

ದಾರಿಯಲ್ಲಿ ಅತ್ತರು. ಆ ಮನೆಯ ಮುಂದೆ ಮಲ್ಲಿಗೆ ಬಳ್ಳಿ ಹಾಕುವ ಆಸೆ ಇತ್ತಂತೆ. ನಾವು ತಪ್ಪು ಮಾಡಿದೆವೇನೋ ಎಂದು ನಮಗೂ ಅನ್ನಿಸಿತು. ಮನೆಯನ್ನು ಬೇರೆಯವರು ಕೊಂಡರು. ಆ ಬಿರುಕು ಏನಾಯಿತೋ ನಮಗೆ ತಿಳಿಯದು.

ಏಳು ತಿಂಗಳ ಮೇಲೆ ಅಕ್ಕ ಇನ್ನೊಂದು ಮನೆ ಕೊಂಡರು. ಸಣ್ಣದು, ಹೆಂಚಿನ ಮನೆ. ಬಣ್ಣವೂ ಹೊಡೆದಿರಲಿಲ್ಲ. ಈ ಸಲ ಅಕ್ಕನೇ ಮೊದಲು ಎರಡು ಸುತ್ತು ಹಾಕಿದರು. ಮಳೆ ಬಂದ ಮಾರನೆಯ ದಿನವೇ ಹೋಗಿ ನೋಡಿದರು. ಹಿಂಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿದ್ದನ್ನು ಅವರೇ ಕಂಡು ಹಿಡಿದರು. ಎಂಜಿನಿಯರಮ್ಮ ಬಂದು ಉಳಿದದ್ದು ನೋಡಿದರು. ಚೌಕಟ್ಟಿನ ಖರ್ಚನ್ನು ಬೆಲೆಯಲ್ಲಿ ಕಳೆದುಕೊಟ್ಟರು. ಇಷ್ಟೆಲ್ಲ ಆದಮೇಲೆಯೇ ಮುಂಗಡ ಕೊಟ್ಟದ್ದು.

ಓದಿ, ಹೇಳಿ

1. ಬ್ಯಾಂಕಿನವರು ಮನೆ ನೋಡುವುದಕ್ಕೂ ನಾವು ಕರೆಸಿದವರು ನೋಡುವುದಕ್ಕೂ ಏನು ವ್ಯತ್ಯಾಸ?
2. ಗೋಡೆಗೆ ಟಾರ್ಚನ್ನು ಒತ್ತಿ ಹಿಡಿದದ್ದು ಏಕೆ?
3. ಬಿರುಕಿನ ಮುಂದೆ ಖರ್ಚು ಬರೆಯಲಿಲ್ಲ. ಏಕೆ?

ಮಾಡಿ ನೋಡಿ

ನೀವು ಈಗ ಇರುವ ಮನೆಯ ಗೋಡೆಯಲ್ಲಿ ಒಂದು ಬಿರುಕು ಹುಡುಕಿ. ಅದು ಎಲ್ಲಿ ಮುಗಿಯುತ್ತದೋ ಅಲ್ಲಿ ಸೀಸದ ಕಡ್ಡಿಯಿಂದ ಒಂದು ಅಡ್ಡ ಗೆರೆ ಎಳೆಯಿರಿ. ಗೆರೆಯ ಪಕ್ಕದಲ್ಲಿ ಇಂದಿನ ತಾರೀಖು ಬರೆಯಿರಿ. ಎರಡು ತಿಂಗಳ ಮೇಲೆ ಹೋಗಿ ನೋಡಿ. ಬಿರುಕು ಗೆರೆ ದಾಟಿದೆಯೇ? ದಾಟಿದ್ದರೆ ಅಲ್ಲಿ ಇನ್ನೊಂದು ಗೆರೆ ಎಳೆದು, ಆ ದಿನದ ತಾರೀಖನ್ನೂ ಬರೆಯಿರಿ.