ಊರಿನ ಇತಿಹಾಸವನ್ನು ಓದುವ ಬಗೆ: ಹತ್ತರಸಂಗ ಕೂಡಲದ ನಿದರ್ಶನ



ಇತಿಹಾಸವೆಂದ ಕೂಡಲೇ ನಿಮ್ಮ ಕಣ್ಣ ಮುಂದೆ ದಿಲ್ಲಿ, ರಾಯಗಡ, ಹಂಪಿ, ವಿಜಯಪುರಗಳು ನಿಲ್ಲುತ್ತವೆ. ರಾಜರ ಹೆಸರು, ಯುದ್ಧಗಳ ಇಸವಿ ನೆನಪಾಗುತ್ತವೆ. "ನಮ್ಮದು ಸಣ್ಣ ಹಳ್ಳಿ, ಅದಕ್ಕೆಲ್ಲಿಯ ಇತಿಹಾಸ?" ಎಂದು ನಿಮ್ಮಲ್ಲಿ ಅನೇಕರು ಕೇಳುವುದುಂಟು. ಆದರೆ ಇತಿಹಾಸವಿಲ್ಲದ ಊರಿಲ್ಲ. ಅದನ್ನು ಓದಲು ಕಲಿಯದ ಜನರಿದ್ದಾರೆ, ಅಷ್ಟೇ. ಈ ಮಾತಿಗೆ ನಮ್ಮ ಜಿಲ್ಲೆಯ ಒಂದು ಊರನ್ನೇ ನಿದರ್ಶನವಾಗಿ ನೋಡೋಣ.

ಸೋಲಾಪುರದಿಂದ ಸುಮಾರು 40 ಕಿಲೋಮೀಟರು ದೂರ, ದಕ್ಷಿಣ ಸೋಲಾಪುರ ತಾಲೂಕಿನಲ್ಲಿ ಹತ್ತರಸಂಗ ಕೂಡಲವಿದೆ. ಭೀಮಾಶಂಕರದಲ್ಲಿ ಹುಟ್ಟಿ ಪಂಢರಪುರದ ಮೇಲಿಂದ ಬರುವ ಭೀಮಾ ನದಿಯೂ, ಅಹ್ಮದನಗರದ (ಈಗಿನ ಅಹಿಲ್ಯಾನಗರ) ಕಡೆಯಿಂದ ಬರುವ ಸೀನಾ ನದಿಯೂ ಇಲ್ಲಿ ಕೂಡುತ್ತವೆ. ನದಿಯ ಆಚೆ ದಡದಲ್ಲಿ ಕರ್ನಾಟಕದ ವಿಜಯಪುರ ಜಿಲ್ಲೆ.

ಹೆಸರೇ ಮೊದಲ ದಾಖಲೆ

ಊರಿನ ಇತಿಹಾಸ ಬಲ್ಲವರು ಮೊದಲು ನೋಡುವುದು ಊರಿನ ಹೆಸರನ್ನು. 'ಕೂಡಲ' ಎಂಬುದು 'ಕೂಡು' ಎಂಬ ಕನ್ನಡ ಧಾತುವಿನಿಂದ ಬಂದ ಮಾತು. ನದಿಗಳು ಕೂಡುವ ಸ್ಥಳ ಎಂದರ್ಥ. ಕೃಷ್ಣೆ ಮತ್ತು ಮಲಪ್ರಭೆಯರು ಕೂಡುವ ಕೂಡಲಸಂಗಮ, ತುಂಗೆ ಮತ್ತು ಭದ್ರೆಯರು ಕೂಡುವ ಕೂಡಲಿ, ಭೀಮೆ ಮತ್ತು ಸೀನೆಯರು ಕೂಡುವ ನಮ್ಮ ಕೂಡಲ, ಈ ಮೂರೂ ಒಂದೇ ಬಳಗದ ಹೆಸರುಗಳು. ಈ ಊರಿಗೆ ಹೆಸರಿಟ್ಟವರು ಯಾವ ಭಾಷೆ ಆಡುತ್ತಿದ್ದರೆಂಬುದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಅಕ್ಕಲಕೋಟ ತಾಲೂಕಿನ ಹನ್ನೂರ, ತೋಳನೂರ, ನಾಗಣಸೂರ ಎಂಬ ಹೆಸರುಗಳ ಕೊನೆಯಲ್ಲಿ 'ಊರು' ಅಡಗಿರುವುದನ್ನೂ ಗಮನಿಸಿರಿ.

ಕಲ್ಲು ಹೇಳುವ ಮಾತು

ಎರಡನೆಯ ದಾಖಲೆ ಕಲ್ಲು. ಸಂಗಮದ ದಂಡೆಯ ಮೇಲೆ ಸಂಗಮೇಶ್ವರ ಗುಡಿಯಿದೆ. ಅಲ್ಲಿಯ ಒಂದು ತೊಲೆಯ ಮೇಲೆ ಶಕ 940ರ ಚಿಕ್ಕ ಶಾಸನವಿದೆ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ದೊರೆಯುತ್ತದೆಂಬುದು ನಿಮಗೆ ಗೊತ್ತಿದೆ. ಹಾಗೆ ಲೆಕ್ಕ ಹಾಕಿದರೆ ಅದು ಕ್ರಿ.ಶ. 1018 ಆಗುತ್ತದೆ. ಆಗ ಈ ನಾಡನ್ನು ಆಳುತ್ತಿದ್ದವನು ಚಾಲುಕ್ಯ ವಂಶದ ಇಮ್ಮಡಿ ಜಯಸಿಂಹ.

ಈ ಶಾಸನದ ವಿಶೇಷವೇನು? ಅದರಲ್ಲಿ ಮರಾಠಿ ವಾಕ್ಯವಿದೆ. ಮರಾಠಿ ಭಾಷೆಯ ಅತಿ ಪ್ರಾಚೀನ ಶಾಸನಗಳಲ್ಲಿ ಇದೂ ಒಂದೆಂದು ವಿದ್ವಾಂಸರು ಎಣಿಸುತ್ತಾರೆ. ಅಂದರೆ ಕನ್ನಡ ಹೆಸರಿನ ಊರಿನಲ್ಲಿ, ಕನ್ನಡ ಅರಸರ ಆಳಿಕೆಯಲ್ಲಿ, ಮರಾಠಿಯ ಹಳೆಯ ವಾಕ್ಯವೊಂದು ಕಲ್ಲಿನ ಮೇಲೆ ಮೂಡಿತು. ಇದಕ್ಕೆ ಜೋಡಿಯಾದ ಇನ್ನೊಂದು ಸಂಗತಿಯಿದೆ. ದೂರದ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ಕನ್ನಡ ಮತ್ತು ತಮಿಳಿನ ಜೊತೆಗೆ ಮರಾಠಿಯ ಸಾಲೂ ಇದೆ. ಎರಡು ಭಾಷೆಗಳ ಜನ ಒಬ್ಬರ ಅಂಗಳದಲ್ಲಿ ಒಬ್ಬರು ನಿಂತು ಬಾಳಿದ್ದಕ್ಕೆ ಇವು ಸಾಕ್ಷಿ.

ಈಗ ಭೀಮೆಯ ನಡುವೆ ಎರಡು ರಾಜ್ಯಗಳ ಗಡಿಯಿದೆ. ಆದರೆ 1956ರ ನವೆಂಬರ 1ರಂದು ರಾಜ್ಯಗಳ ಪುನರ್ರಚನೆ ಆಗುವವರೆಗೂ ಎರಡೂ ದಡಗಳು ಮುಂಬಯಿಯ ಆಡಳಿತದಲ್ಲಿದ್ದವು. ಗಡಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಶಾಸನಕ್ಕೆ 2018ರಲ್ಲಿಯೇ ಸಾವಿರ ವರ್ಷ ತುಂಬಿದವು. ಆದುದರಿಂದ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನೀವು "ನಾವು ಎಲ್ಲಿಯವರು?" ಎಂದು ಅಳುಕಬೇಕಾಗಿಲ್ಲ. ಎರಡು ಮಾತಿನ ಬಾಳು ಈ ನೆಲದಲ್ಲಿ ಹಳೆಯದು.

ಮಣ್ಣಿನಡಿಯ ಗುಡಿ

ಕೂಡಲದ ಇನ್ನೊಂದು ಗುಡಿ ಹರಿಹರೇಶ್ವರ. ಇದು ಬಹುಕಾಲ ಮಣ್ಣಿನಲ್ಲಿ ಹೂತುಹೋಗಿತ್ತು. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಉತ್ಖನನ ನಡೆದಾಗ ಇಲ್ಲಿ ಬಹುಮುಖಿ ಶಿವಲಿಂಗ ದೊರೆಯಿತು. ಲಿಂಗದ ಸುತ್ತಲೂ ಸಾಲುಸಾಲಾಗಿ 359 ಚಿಕ್ಕ ಮುಖಗಳನ್ನು ಕೊರೆದಿದ್ದಾರೆ. ಊರ ಜನ ದಿನವೂ ತಿರುಗಾಡುವ ನೆಲದ ಕೆಳಗೆ ಇಂಥ ಶಿಲ್ಪವಿತ್ತೆಂದರೆ, ನಿಮ್ಮ ಊರಿನ ದಿಬ್ಬಗಳನ್ನೂ ಸ್ವಲ್ಪ ಗೌರವದಿಂದ ನೋಡಬೇಕಲ್ಲವೇ?

ಓದಿದವರ ಋಣ

ಕಲ್ಲು ತಾನಾಗಿ ಮಾತನಾಡುವುದಿಲ್ಲ, ಓದುವವರು ಬೇಕು. ಸೋಲಾಪುರದ ಶಾಸನ ಸಂಶೋಧಕ ಆನಂದ ಕುಂಭಾರ ಅವರು ಹಳ್ಳಿ ಹಳ್ಳಿ ತಿರುಗಿ ನಮ್ಮ ಜಿಲ್ಲೆಯ ಶಾಸನಗಳನ್ನು ಹುಡುಕಿದರು. ಧಾರವಾಡದ ವಿದ್ವಾಂಸ ಡಾ. ಶ್ರೀನಿವಾಸ ರಿತ್ತಿಯವರೊಡನೆ ಅವರು ಸಿದ್ಧಪಡಿಸಿದ ಸೋಲಾಪುರ ಜಿಲ್ಲೆಯ ಶಾಸನಗಳ ಸಂಪುಟ 1988ರಲ್ಲಿ ಹೊರಬಂದಿತು. ಅದರಲ್ಲಿಯ ಹೆಚ್ಚಿನ ಶಾಸನಗಳು ಕನ್ನಡದವು.

ಆದರೆ ಓದುವ ಮೊದಲೇ ಹಾಳಾಗುವ ಕಲ್ಲುಗಳೆಷ್ಟೋ! ಭಕ್ತಿಯಿಂದಲೇ ಶಾಸನದ ಮೇಲೆ ಎಣ್ಣೆಬಣ್ಣ ಬಳಿಯುತ್ತಾರೆ. ವೀರಗಲ್ಲನ್ನು ಹಳ್ಳದಲ್ಲಿ ಬಟ್ಟೆ ಒಗೆಯಲು ಹಾಕುತ್ತಾರೆ. ಗುಡಿಯ ಜೀರ್ಣೋದ್ಧಾರವೆಂದು ಹಳೆಯ ತೊಲೆಗಳನ್ನು ತೆಗೆದು ಹೊಸ ಗೋಡೆಯೊಳಗೆ ಹೂಳುತ್ತಾರೆ. ಸಾವಿರ ವರ್ಷ ಮಳೆ ಬಿಸಿಲು ತಡೆದ ಅಕ್ಷರ ಒಂದೇ ದಿನದಲ್ಲಿ ಅಳಿಸಿಹೋಗುತ್ತದೆ. ಪುಸ್ತಕ ಕಳೆದರೆ ಇನ್ನೊಂದು ಪ್ರತಿ ಕೊಳ್ಳಬಹುದು. ಶಾಸನಕ್ಕೆ ಇನ್ನೊಂದು ಪ್ರತಿಯಿಲ್ಲ. ಪಾಲಕರು ಈ ಮಾತನ್ನು ಊರ ಪಂಚರ ಮುಂದೆ ಇಡಬೇಕೆಂದು ವಿನಂತಿ.

ನೀವೇ ಮಾಡಿರಿ

ಬರುವ ರಜೆಯಲ್ಲಿ ಒಂದು ವಹಿ ತೆಗೆದುಕೊಂಡು ಈ ಕೆಲಸ ಮಾಡಿರಿ:

1. ನಿಮ್ಮ ಊರಿನ ಹೆಸರನ್ನು ಬಿಡಿಸಿ ಬರೆಯಿರಿ. ಹಿರಿಯರು ಅದನ್ನು ಹೇಗೆ ಉಚ್ಚರಿಸುತ್ತಾರೆ, ಬಸ್ಸಿನ ಫಲಕದ ಮೇಲೆ ಹೇಗಿದೆ, ಎರಡನ್ನೂ ಹೋಲಿಸಿರಿ.

2. ಹೊಲ, ಹಳ್ಳ, ಬಾವಿಗಳ ಹೆಸರುಗಳನ್ನು ಅಜ್ಜ ಅಜ್ಜಿಯರಿಂದ ಕೇಳಿ ಬರೆದುಕೊಳ್ಳಿರಿ. ಸಾತಬಾರಾ ಉತಾರೆಯಲ್ಲಿ ಹೊಲದ ಸ್ಥಳೀಯ ಹೆಸರಿಗೆ ಒಂದು ಜಾಗವಿದೆ. ಅದು ತುಂಬಿದೆಯೋ ಖಾಲಿಯಿದೆಯೋ ನೋಡಿರಿ. ಖಾಲಿಯಿದ್ದಲ್ಲಿ ಹಿರಿಯರ ನೆನಪೇ ದಾಖಲೆ.

3. ಗುಡಿ, ಅಗಸಿ, ಮಸೀದಿ, ಕೆರೆಯ ಬಳಿ ಬರಹದ ಕಲ್ಲು, ವೀರಗಲ್ಲು, ಮಾಸ್ತಿಕಲ್ಲುಗಳಿದ್ದರೆ ಎಲ್ಲಿವೆಯೆಂದು ಗುರುತು ಹಾಕಿ ಭಾವಚಿತ್ರ ತೆಗೆಯಿರಿ. ಕಲ್ಲನ್ನು ಕೆರೆಯಬಾರದು, ತಿಕ್ಕಬಾರದು, ಸ್ಥಳದಿಂದ ಕದಲಿಸಬಾರದು.

4. ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ. ದಂತಕಥೆಗೂ ಬೆಲೆಯಿದೆ, ಆದರೆ ಅದನ್ನು ದಂತಕಥೆಯೆಂದೇ ಬರೆಯಬೇಕು.

ಕೂಡಲದ ಆ ಮರಾಠಿ ವಾಕ್ಯದ ಅರ್ಥವನ್ನು ನಾನಿನ್ನೂ ಹೇಳಿಲ್ಲ. "ಇದನ್ನು ಓದಿದವನು ವಿಜಯಿಯಾಗುವನು" ಎಂಬುದೇ ಅದರ ತಾತ್ಪರ್ಯ. ಸಾವಿರ ವರ್ಷಗಳ ಹಿಂದಿನ ಆ ಬರಹಗಾರನು ಹರಸಿದ್ದು ಅರಸನನ್ನಲ್ಲ, ಓದುವವನನ್ನು. ಆ ಹರಕೆ ನಿಮಗೂ ಸಲ್ಲಲಿ.