ಹೆನ್ರಿಕ್ ಸಿಯೆನ್‌ಕಿಯೆವಿಚ್ (1846–1916)

ಪೋಲೆಂಡ್ ಭೂಪಟದಲ್ಲೇ ಇಲ್ಲದಿದ್ದ ಕಾಲದ ಪೋಲಿಷ್ ಕಾದಂಬರಿಕಾರ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ನಾಡನ್ನು ಹಂಚಿಕೊಂಡಿದ್ದವು. ಈತ ಹುಟ್ಟಿದ್ದು ರಷ್ಯಾದ ಹಿಡಿತದಲ್ಲಿದ್ದ ವೋಲಾ ಒಕ್ಷೆಯ್ಸ್ಕಾದಲ್ಲಿ. ‘ಲಿಟ್ವೋಸ್’ ಕಾವ್ಯನಾಮದಲ್ಲಿ ಅಮೆರಿಕದಿಂದ ಪತ್ರಿಕೆಗೆ ಬರೆದ. 17ನೇ ಶತಮಾನದ ಯುದ್ಧಗಳ ಕುರಿತ ಕಾದಂಬರಿ ತ್ರಿವಳಿ (1884–88) ಸೋತ ಜನರಿಗೆ ಧೈರ್ಯ ತುಂಬಲೆಂದೇ ಬರೆದದ್ದು.

‘ಕ್ವೋ ವಾಡಿಸ್’ (1896) ಚಕ್ರವರ್ತಿ ನೀರೋನ ಕಾಲದ ರೋಮ್‌ನ ಕಥೆ. ಶೀರ್ಷಿಕೆ ಲ್ಯಾಟಿನ್, ಅರ್ಥ ‘ಎಲ್ಲಿಗೆ ಹೊರಟಿರುವೆ?’. ರೋಮ್‌ನಿಂದ ಓಡಿಹೋಗುತ್ತಿದ್ದ ಸಂತ ಪೀಟರ್, ದಾರಿಯಲ್ಲಿ ಎದುರಾದ ಕ್ರಿಸ್ತನಿಗೆ ಕೇಳಿದ ಪ್ರಶ್ನೆಯಂತೆ.

ಎಡವುವ ಜಾಗ: 1905ರ ನೊಬೆಲ್ ಬಂದದ್ದು ‘ಕ್ವೋ ವಾಡಿಸ್’ ಒಂದಕ್ಕೇ ಅಲ್ಲ, ಮಹಾಕಾವ್ಯಸದೃಶ ಬರವಣಿಗೆಯ ಒಟ್ಟು ಸಾಧನೆಗೆ. ನಿಧನ ಸ್ವಿಟ್ಜರ್ಲೆಂಡ್‌ನ ವೆವೆಯಲ್ಲಿ; ಅವಶೇಷ ವಾರ್ಸಾಕ್ಕೆ ಬಂದದ್ದು 1924ರಲ್ಲಿ, ಪೋಲೆಂಡ್ ಸ್ವತಂತ್ರವಾದ ಮೇಲೆ.