ಕ್ರೀಡಾ ವಿಜ್ಞಾನದ ತರಗತಿಯಲ್ಲಿ ಏನು ಕಲಿಸುತ್ತಾರೆ?

2020ರ ಫೆಬ್ರವರಿಯಲ್ಲಿ ಒಂದು ಲೆಕ್ಕ ದೇಶವನ್ನೆಲ್ಲ ಸುತ್ತಿತು. ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ ಓಡಿ, 142.5 ಮೀಟರ್ ಉದ್ದದ ಕೆಸರಿನ ಓಟದ ದಾರಿಯನ್ನು (ಕರೆಯನ್ನು) 13.62 ಸೆಕೆಂಡಿನಲ್ಲಿ ಮುಗಿಸಿದ್ದರು. ಭಾಗಿಸಿ ನೋಡಿದರೆ 100 ಮೀಟರಿಗೆ ಸುಮಾರು 9.56 ಸೆಕೆಂಡು. ಉಸೇನ್ ಬೋಲ್ಟ್ ದಾಖಲೆ 9.58. ಹಾಗಾದರೆ ಬೋಲ್ಟ್‌ಗಿಂತ ಗೌಡರೇ ಮುಂದೆಯೇ?

ಕ್ರೀಡಾ ವಿಜ್ಞಾನ ಓದುವವರು ಉತ್ತರಕ್ಕೆ ಮೊದಲು ಮೂರು ಪ್ರಶ್ನೆ ಕೇಳಬೇಕು. ಕೋಣಗಳ ಎಳೆತ ಓಟಗಾರನಿಗೆ ಎಷ್ಟು ನೆರವಾಯಿತು? ಕೆಸರು ಎಷ್ಟು ತಡೆಯಿತು? ನಿಂತಲ್ಲಿಂದ ವೇಗ ಹಿಡಿಯುವಾಗ ಕಳೆದುಹೋಗುವ ಸಮಯ, ಉದ್ದದ ಓಟದ ಸರಾಸರಿಯಲ್ಲಿ ಕರಗಿಹೋಗಲಿಲ್ಲವೇ? ಇಷ್ಟು ಕೇಳಿದ ಮೇಲೆ, ಎರಡೂ ಓಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದೆಂದು ತಾನೇ ತಿಳಿಯುತ್ತದೆ. ಚಲನೆಯ ಹಿಂದಿನ ಬಲಗಳನ್ನು ಹೀಗೆ ಬಿಡಿಸಿ ನೋಡುವ ವಿಷಯವೇ ಬಯೋಮೆಕಾನಿಕ್ಸ್.

ಇನ್ನೊಂದು ದೊಡ್ಡ ಭಾಗ ಶರೀರಕ್ರಿಯಾಶಾಸ್ತ್ರ. ಸ್ನಾಯು ದುಡಿಯುವುದು ಎಟಿಪಿ ಎಂಬ ಅಣುವಿನ ಬಲದಿಂದ. ಅದರ ದಾಸ್ತಾನು ಕೆಲವೇ ಸೆಕೆಂಡಿಗೆ ಸಾಕು. ದೇಹ ಅದನ್ನು ತಯಾರಿಸುತ್ತಲೇ ಇರಬೇಕು. 100 ಮೀಟರ್ ಓಡುವವರಿಗೆ ಅದು ಬಹುಪಾಲು ಆಮ್ಲಜನಕಕ್ಕೆ ಕಾಯದ ದಾರಿಗಳಿಂದ ಸಿಗುತ್ತದೆ, ಮ್ಯಾರಥಾನ್‌ನ 42.195 ಕಿ.ಮೀ. ಓಡುವವರು ಹೆಚ್ಚುಕಡಿಮೆ ಪೂರ್ತಿ ಆಮ್ಲಜನಕವನ್ನೇ ನೆಚ್ಚಬೇಕು. ಪ್ರಯೋಗಾಲಯದಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಟ್ರೆಡ್‌ಮಿಲ್ ಮೇಲೆ ಓಡಿಸಿ, ದೇಹ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದೆಂದು ಅಳೆಯುತ್ತಾರೆ. ಇದೇ ವಿಒ2 ಮ್ಯಾಕ್ಸ್. 1920ರ ದಶಕದಲ್ಲಿ ಇದಕ್ಕೆ ಅಡಿಪಾಯ ಹಾಕಿದ ಬ್ರಿಟನ್ನಿನ ಎ.ವಿ. ಹಿಲ್, ಸ್ನಾಯುಗಳ ಸಂಶೋಧನೆಗಾಗಿ 1922ರ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು.

ದಣಿವನ್ನು ಬಾಯಿಮಾತಿನಲ್ಲಿ ಕೇಳಿಯೂ ಅಳೆಯಬಹುದು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ಅಳತೆಪಟ್ಟಿ 6ರಿಂದ 20ರವರೆಗಿದೆ. ಓಡುತ್ತಿರುವವರು ತಮ್ಮ ಶ್ರಮ 13 ಎಂದರೆ, ಹೃದಯಬಡಿತ ನಿಮಿಷಕ್ಕೆ 130ರ ಆಸುಪಾಸು ಇದ್ದೀತೆಂಬುದು ಅದರ ಸ್ಥೂಲ ಎಣಿಕೆ. ಮನಶ್ಶಾಸ್ತ್ರ, ಆಹಾರ ವಿಜ್ಞಾನ, ಸಂಖ್ಯಾಶಾಸ್ತ್ರಗಳೂ ಪಠ್ಯದಲ್ಲಿ ಜೊತೆಯಾಗುತ್ತವೆ.

ಕೆಲವು ನಂಬಿಕೆಗಳನ್ನು ಇಲ್ಲಿ ಬಿಡಬೇಕಾಗುತ್ತದೆ. ವ್ಯಾಯಾಮದ ಮರುದಿನದ ಮೈನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಎಂದು ಜಿಮ್‌ಗಳಲ್ಲಿ ಕೇಳಿರುತ್ತೀರಿ. ರಕ್ತದಲ್ಲಿ ಏರಿದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯಲ್ಲಿ ಇಳಿಯುತ್ತದೆ. ನೋವು ಜೋರಾಗುವುದು ಒಂದೆರಡು ದಿನದ ಮೇಲೆ. ಅಭ್ಯಾಸವಿಲ್ಲದ ಶ್ರಮದಿಂದ ಸ್ನಾಯುತಂತುಗಳಿಗಾದ ಸೂಕ್ಷ್ಮ ಹಾನಿ ಅದರ ಮುಖ್ಯ ಕಾರಣ.

ಕ್ರೀಡಾ ವಿಜ್ಞಾನವನ್ನು ಬಿ.ಪಿ.ಎಡ್. ಜೊತೆ ಕಲಸಿಕೊಳ್ಳಬೇಡಿ. ಅದು ದೈಹಿಕ ಶಿಕ್ಷಣ ಶಿಕ್ಷಕರನ್ನು ತಯಾರಿಸುವ ಕೋರ್ಸು. ಕ್ರೀಡಾ ವಿಜ್ಞಾನ ಕಲಿತವರು ತಂಡಗಳ ಜೊತೆ, ಪುನಶ್ಚೇತನ ಕೇಂದ್ರಗಳಲ್ಲಿ, ಸಂಶೋಧನೆಯಲ್ಲಿ ಕೆಲಸ ಮಾಡುತ್ತಾರೆ; ಮಧುಮೇಹಿಗಳಿಗೂ ವೃದ್ಧರಿಗೂ ತಕ್ಕ ವ್ಯಾಯಾಮ ರೂಪಿಸುತ್ತಾರೆ. ನಮ್ಮಲ್ಲಿ ಮಣಿಪಾಲದಲ್ಲಿ ಈ ವಿಷಯಕ್ಕೆಂದೇ ವಿಭಾಗವಿದೆ. ಇದಕ್ಕೆ ಪದಕ ಗೆದ್ದಿರಬೇಕಿಲ್ಲ. ಜೀವಶಾಸ್ತ್ರ ರುಚಿಸಬೇಕು, ಅಂಕಿಗಳಿಗೆ ಅಂಜಬಾರದು.

ಎಲ್ಲಿಯೇ ಸೇರುವುದಿದ್ದರೂ ಮೊದಲು ಪಠ್ಯಕ್ರಮ ತರಿಸಿ ಓದಿ. ಪ್ರಯೋಗಾಲಯಕ್ಕೆ ಎಷ್ಟು ಗಂಟೆ ಮೀಸಲಿಟ್ಟಿದ್ದಾರೆ ಎಂದು ನೋಡಿ, ಆಮೇಲೆ ಶುಲ್ಕ ಕಟ್ಟಿ.